ಕೆಂಪು ಬಾಳೆಹಣ್ಣು ಅವನಿಗೆ, ಸೂಜಿ ನನಗೆ

ಕಲಬುರ್ಗಿ ಹತ್ತಿರದ ಕಮಲಾಪುರದ ನಮ್ಮ ಮನೆಯಲ್ಲಿ ಕೆಂಪು ಬಾಳೆಹಣ್ಣಿನ ಗೊನೆಯೊಂದು ಯಾವಾಗಲೂ ನಡುಮನೆಯ ತೊಲೆಗೆ ತೂಗುಬಿದ್ದಿರುತ್ತಿತ್ತು. ಅದಕ್ಕೆ ಕೈ ಹಚ್ಚುವ ಅಧಿಕಾರ ಆಯಿಗೆ, ಅಂದರೆ ನನ್ನ ಅಪ್ಪನ ತಾಯಿಗೆ ಮಾತ್ರ. ನನಗಿಂತ ಚಿಕ್ಕವನಾದ ತಮ್ಮನಿಗೆ ಅವನು ಕೇಳದಿದ್ದರೂ ಹಣ್ಣು ಕಿತ್ತು ಕೊಡುತ್ತಿದ್ದಳು. ನಾನು ಕೇಳಿದರೆ, "ಇನ್ನಾ ಕಾಯಿ ಅದ, ತಡಿ" ಅನ್ನುತ್ತಿದ್ದಳು. ನನ್ನ ಹೊಟ್ಟೆಕಿಚ್ಚು ಹುಟ್ಟಿದ್ದು ಆ ಗೊನೆಯ ಕೆಳಗೆ.

ಆ ತಮ್ಮ ಮುಂದೆ ಹೈದರಾಬಾದಿನಲ್ಲಿ ದೇವಿಬೇನೆಯ, ಅಂದರೆ ಸಿಡುಬಿನ ಲಸಿಕೆಯ ಮೇಲೆ ಸಂಶೋಧನೆ ಮಾಡುವ ದೊಡ್ಡ ಮನುಷ್ಯನಾದ. ಅವನು ಹೇಗೆ ಅಷ್ಟು ಮೇಲೆ ಹೋದ ಎಂದು ಜನ ನನ್ನನ್ನು ಕೇಳುತ್ತಾರೆ. ಒಡಹುಟ್ಟಿದ ಅಕ್ಕ, ಕಣ್ಣಲ್ಲಿ ನೀರು ತಂದುಕೊಂಡು ಹೊಗಳುತ್ತಾಳೆ ಎಂದು ಅವರ ಎಣಿಕೆ. ಹೊಗಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಕಂಡದ್ದನ್ನು, ಕಂಡು ಉರಿದದ್ದನ್ನು ಹೇಳುತ್ತೇನೆ.

ನಿಜಾಮರ ಸರ್ಕಾರದ ಟೀಕಾದವನು ನಮ್ಮ ಓಣಿಗೆ ಬಂದ ದಿನದಿಂದಲೇ ಶುರುಮಾಡಬೇಕು. ದೇವಿಬೇನೆ ಬರದಿರಲೆಂದು ಮಕ್ಕಳ ತೋಳಿಗೆ ಟೀಕಾ ಚುಚ್ಚುವುದು ಅವನ ಕೆಲಸ. ತಲೆಯ ಮೇಲೆ ಕೆಂಪು ಟೋಪಿ, ಕೈಯಲ್ಲಿ ತೊಗಲಿನ ಪೆಟ್ಟಿಗೆ, ಹಿಂದೆ ಊರಿನ ತಳವಾರ. ಅವನು ಊರೊಳಗೆ ಕಾಲಿಡುವ ಮೊದಲೇ ಸುದ್ದಿ ಓಣಿ ತುಂಬ ಹಬ್ಬಿತ್ತು. ಸರ್ಕಾರ ಗಂಡು ಹುಡುಗರ ತೋಳಿಗೆ ಗುರುತು ಹಾಕಿ ಇಟ್ಟುಕೊಳ್ಳುತ್ತದೆ, ದೊಡ್ಡವರಾದ ಮೇಲೆ ಆ ಗುರುತು ನೋಡಿ ಫೌಜಿಗೆ ಎಳೆದುಕೊಂಡು ಹೋಗುತ್ತದೆ ಎಂದು. ಮೇಲಾಗಿ, ದೇವಿ ತಾನಾಗಿ ಬರಬೇಕಾದವಳು, ಅವಳನ್ನು ಸೂಜಿಯಿಂದ ಕರೆದರೆ ಮುನಿಯದೆ ಇರುತ್ತಾಳೆಯೇ? ಹಾಗೆಂದು ಮನೆಯಲ್ಲಿ ಮಕ್ಕಳೇ ಇಲ್ಲ ಎಂದರೆ ಟೀಕಾದವನು ನಂಬುವುದಿಲ್ಲ. ಅದಕ್ಕೆ ನಮ್ಮ ಓಣಿಯ ಹಿರಿಯ ಹೆಂಗಸರು ಒಂದು ದಾರಿ ಹುಡುಕಿದರು. ಗಂಡು ಮಕ್ಕಳನ್ನು ಬಚ್ಚಿಡುವುದು, ಹೆಣ್ಣು ಮಕ್ಕಳನ್ನು ಮುಂದೆ ಮಾಡುವುದು.

ಆಯಿ ತಮ್ಮನನ್ನು ಎತ್ತಿ ಅರ್ಧ ಖಾಲಿಯಾಗಿದ್ದ ಜೋಳದ ಕಣಜದೊಳಗೆ ಇಳಿಸಿದಳು. ಅವನು ಅಳಬಾರದೆಂದು ಎರಡು ಕೆಂಪು ಬಾಳೆಹಣ್ಣು ಕೈಗೆ ಕೊಟ್ಟಳು. ನನ್ನನ್ನು ರಟ್ಟೆ ಹಿಡಿದು ಕಟ್ಟೆಗೆ ತಂದು ನಿಲ್ಲಿಸಿದಳು.

"ಮನ್ಯಾಗ ಬಚ್ಚೇ ಎಷ್ಟು ಅವರೀ, ಅಮ್ಮಾ?" ಎಂದು ಟೀಕಾದವನು ಕೇಳಿದ.

"ಇದೊಂದೇ ಹೆಣ್ಣು ನೋಡ್ರಿ ಸಾಹೇಬ್ರ. ದೇವರು ನಮಗ ಗಂಡು ಕೊಡಲಿಲ್ಲ" ಎಂದು ಆಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

"ಈ ಗಲ್ಲ್ಯಾಗ ಯಾರ ಮನ್ಯಾಗೂ ಗಂಡು ಹುಟ್ಟಂಗಿಲ್ಲೇನು?" ಎಂದು ಅವನು ತಳವಾರನ ಮುಖ ನೋಡಿದ. ತಳವಾರನ ಮನೆಯಲ್ಲೂ ಒಬ್ಬ ಮಗ ಹಾಸಿಗೆಯ ಸುರುಳಿಯೊಳಗೆ ಇದ್ದ.

ನನ್ನ ತೋಳಿನ ಮೇಲೆ ಗೀರಿದರು. ನಾನು ಓಣಿಗೆ ಕೇಳುವಂತೆ ಅತ್ತೆ. ನೋವಿಗಲ್ಲ, ಕಣಜದೊಳಗಿಂದ ಸುಲಿದ ಹಣ್ಣಿನ ವಾಸನೆ ಬರುತ್ತಿತ್ತು, ಅದಕ್ಕೆ. "ಪಾಪ, ಹೆದರಿಕೊಂಡಾಳ" ಅಂದ ಟೀಕಾದವನು.

ಮರುವರ್ಷದ ಬೇಸಿಗೆಯಲ್ಲಿ ದೇವಿ ನಮ್ಮ ಓಣಿಗೆ ಬಂದಳು. ಬಂದವಳು ಬಚ್ಚಿಟ್ಟ ಮಕ್ಕಳನ್ನೇ ಹುಡುಕಿದಳು. ಮನೆಮನೆಯ ಬಾಗಿಲಿಗೆ ಬೇವಿನ ಸೊಪ್ಪು, ಒಲೆಯ ಮೇಲೆ ಒಗ್ಗರಣೆ ಇಲ್ಲ, ತಲೆ ಬಾಚುವ ಹಾಗಿಲ್ಲ. ಕೆಲವು ಮನೆಗಳಲ್ಲಿ ಗಂಡು ಮಕ್ಕಳು ಹೋದರು, ಉಳಿದವರ ಮುಖ ತುಂಬ ಕುಳಿ ಬಿದ್ದವು. ನಮ್ಮ ತಮ್ಮನಿಗೆ ಮೈಯೆಲ್ಲ ಎದ್ದು, ಎಡಗಣ್ಣಿನ ಗುಡ್ಡೆ ಬೆಳ್ಳಗಾಗಿ ಹೋಯಿತು. ಹೆಣ್ಣು ಮಕ್ಕಳಿಗೆ ಒಬ್ಬರಿಗೂ ಏನೂ ಆಗಲಿಲ್ಲ. ಆಯಿ ಅವನ ತಲೆಯ ಹತ್ತಿರ ಕೂತು ಬೇವಿನ ಎಲೆ ಬೀಸುತ್ತ ನನ್ನ ಕಡೆಗೊಮ್ಮೆ ನೋಡಿದಳು. ಆ ನೋಟದಲ್ಲಿ ಏನಿತ್ತು ಎಂದು ನನಗೆ ಆ ವಯಸ್ಸಿಗೂ ತಿಳಿಯಿತು. ಅದಲುಬದಲಾಗಿದ್ದರೆ ಚೆನ್ನಾಗಿತ್ತು ಎಂದು ಅವಳು ಅಂದುಕೊಂಡಿದ್ದಳು.

ಅಂದಿನಿಂದ ಮನೆಯಲ್ಲಿ ಏನಿದ್ದರೂ ಅವನದೇ ಆಯಿತು. ನಾವಿಬ್ಬರೂ ಮಠದ ಐಗಳ ಹತ್ತಿರ ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದೆವು, ನನ್ನದು ಅವನಿಗಿಂತ ಚೆಂದ ಬರುತ್ತಿತ್ತು. ನಾನು ಕನ್ನಡ ಓದುವಷ್ಟಾದ ಕೂಡಲೇ ನನ್ನನ್ನು ಬಿಡಿಸಿದರು. ಅವನಿಗೆ ಮುಖ ಕೆಟ್ಟದ್ದಕ್ಕೆ ಪರಿಹಾರವಾಗಿ ಶಾಲೆ, ನನಗೆ ಮುಖ ಚೆನ್ನಾಗಿ ಉಳಿದದ್ದಕ್ಕೆ ಬಹುಮಾನವಾಗಿ ಗಂಡ. "ಇಕಿಗೇನು, ಯಾರರ ಮಾಡ್ಕೋತಾರ. ಅವನ ಗತಿ ನೋಡಬೇಕಲ್ಲ" ಅಂದರು ಅಪ್ಪ. ನನ್ನನ್ನು ಕಲಬುರ್ಗಿಯ ಬಟ್ಟೆ ಅಂಗಡಿಯವರ ಮನೆಗೆ ಕೊಟ್ಟರು. ಅವನನ್ನು ಕಲಬುರ್ಗಿಯ ಸರ್ಕಾರಿ ಶಾಲೆಗೆ ಹಾಕಿದರು. ಇರುವುದಕ್ಕೆ ಬೇರೆ ಜಾಗ ಯಾಕೆ, ಅಕ್ಕನ ಮನೆ ಇದೆಯಲ್ಲ.

ಹೀಗೆ ನನ್ನ ಹೊಟ್ಟೆಕಿಚ್ಚು ನನ್ನ ಹಿಂದೆಯೇ ಗಂಡನ ಮನೆಗೂ ಬಂತು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುವುದು, ಅವನು ಹಿತ್ತಿಲ ಬಾಗಿಲಿಗೆ ಒರಗಿ ಉರ್ದು ಪಾಠ ಗಟ್ಟಿಯಾಗಿ ಓದುವುದು. ಅವನಿಗೆ ಬಾಯಿಪಾಠ ಬರುವ ಮುಂಚೆ ನನಗೆ ಬರುತ್ತಿತ್ತು. ಅವನು ನಡುವೆ ತಡವರಿಸಿದರೆ ನಾನು ಮುಂದಿನ ಮಾತು ಎತ್ತಿ ಕೊಡುತ್ತಿದ್ದೆ. "ಅಕ್ಕಾ, ನೀ ಸುಮ್ನ ರೊಟ್ಟಿ ಮಾಡು" ಎಂದು ರೇಗುತ್ತಿದ್ದ. ಒಮ್ಮೆ ಸಿಟ್ಟಿಗೆ ಅವನ ರೊಟ್ಟಿಯನ್ನು ಬೇಕಂತಲೇ ಹೊತ್ತಿಸಿ ಬಡಿಸಿದೆ. ಪುಸ್ತಕ ನೋಡಿಕೊಂಡೇ ತಿಂದು ಎದ್ದ. ಹೊತ್ತಿದೆ ಎಂದು ಅವನಿಗೆ ಗೊತ್ತಾಗಲೇ ಇಲ್ಲ, ಅದಕ್ಕೆ ಇನ್ನೂ ಸಿಟ್ಟು ಬಂತು.

ಶಾಲೆ ಮುಗಿಸಿ ಹೈದರಾಬಾದಿಗೆ ಡಾಕ್ಟರಿಕೆ ಕಲಿಯಲು ಹೋದ. ಅಲ್ಲಿ ಒಂದು ಅಡ್ಡಿ ಬಂತು. ಒಂದೇ ಕಣ್ಣಿರುವವನ ಕೈಯಲ್ಲಿ ಕತ್ತಿ ಕೊಟ್ಟು ರೋಗಿಯ ಹೊಟ್ಟೆ ಕೊಯ್ಯಿಸುವುದು ಹೇಗೆ ಎಂದು ಕಲಿಸುವವರು ಹಿಂದೆಗೆದರಂತೆ. ನಿಜ ಹೇಳುತ್ತೇನೆ, ಸುದ್ದಿ ಕೇಳಿ ನನಗೆ ಒಳಗೊಳಗೆ ಹಿತವಾಯಿತು. ಇನ್ನೇನು, ಪೆಟ್ಟಿಗೆ ಹೊತ್ತು ಊರಿಗೆ ಬರುತ್ತಾನೆ ಅಂದುಕೊಂಡೆ. ಅವನು ಬಂದ, ಆದರೆ ರಜೆಗೆ.

"ದೊಡ್ಡ ಸಾಹೇಬ್ರು ಖುರ್ದಬೀನಿನ ಮುಂದ ಕೂಡಿಸ್ಯಾರ, ಅಕ್ಕಾ" ಅಂದ. ಕಣ್ಣಿಗೆ ಕಾಣದ್ದನ್ನು ದೊಡ್ಡದು ಮಾಡಿ ತೋರಿಸುವ ಕೊಳವೆ ಅದು. "ಅದರಾಗ ನೋಡಾಕ ಎಲ್ಲಾರೂ ಒಂದು ಕಣ್ಣು ಮುಚ್ಚಬೇಕು. ನನಗ ಆ ತ್ರಾಸೂ ಇಲ್ಲ."

ಅವನ ಅದೃಷ್ಟ ನೋಡಿ. ಹೋದ ಕಣ್ಣೂ ಅವನ ಕೈಹಿಡಿಯಿತು.

ಅಲ್ಲಿಂದ ಅವನನ್ನು ಟೀಕಾದ ಔಷಧಿ ತಯಾರಿಸುವ ಕಡೆ ಹಾಕಿದರು. ಮೊದಲ ವರ್ಷಗಳೆಲ್ಲ ಗಾಜಿನ ಸಾಮಾನು ತೊಳೆಯುವುದು, ಕುದಿಸುವುದು, ಎಮ್ಮೆಗರುಗಳನ್ನು ನೋಡಿಕೊಳ್ಳುವುದು. ಕರುವಿನ ಹೊಟ್ಟೆಯ ಕೂದಲು ಬೋಳಿಸಿ, ಅಲ್ಲಿ ಗೀರಿ, ಎದ್ದ ಗುಳ್ಳೆಯ ರಸ ತೆಗೆದು ಅದರಿಂದ ಔಷಧಿ ಮಾಡುತ್ತಾರೆ. ಈ ಸುದ್ದಿ ಕಮಲಾಪುರಕ್ಕೆ ಮುಟ್ಟಿದಾಗ ಅಪ್ಪ ಎರಡು ದಿನ ಪೇಟೆಯಲ್ಲಿದ್ದ ಅವರ ಅಂಗಡಿಯ ಬಾಗಿಲು ತೆಗೆಯಲಿಲ್ಲ. ಲಿಂಗ ಕಟ್ಟಿದ ಮನೆಯ ಮಗ ಕರುವಿನ ಹೊಟ್ಟೆ ಕೆರೆಯುತ್ತಾನಂತೆ ಎಂದು ಬೀಗರ ಮನೆಗಳಲ್ಲೆಲ್ಲ ಮಾತಾಯಿತು. ಕುಳಿ ಬಿದ್ದ ಮುಖ, ಒಂದೇ ಕಣ್ಣು, ಮೇಲೆ ಈ ಕೆಲಸ. ಹೆಣ್ಣು ಕೊಡಲು ಬಂದವರು ನೀರು ಕುಡಿದು ಎದ್ದು ಹೋದರು. ಅವನು ಮದುವೆಯ ಮಾತು ಬಿಟ್ಟೇಬಿಟ್ಟ. ಕರುಗಳಿಗೆ ಏನೂ ಆಗುವುದಿಲ್ಲ, ಗಾಯ ಮಾಯ್ದು ಮತ್ತೆ ಮೇಯುತ್ತವೆ ಎಂದು ನನಗೆ ಹೇಳಿದ. ಅಪ್ಪನಿಗೆ ಹೇಳುವ ಧೈರ್ಯ ಅವನಿಗಿರಲಿಲ್ಲ, ನಾನೂ ಹೇಳಲಿಲ್ಲ.

ನನಗೆ ಮಗಳು ಹುಟ್ಟಿ, ಆಮೇಲೆ ಮಗ ಹುಟ್ಟಿದ. ಆ ಹೊತ್ತಿಗೆ ನನ್ನ ತಮ್ಮ ಸ್ವಂತ ಸಂಶೋಧನೆ ಕೈಗೆತ್ತಿಕೊಂಡಿದ್ದ. ಟೀಕಾ ಹಾಕಿಸಿಕೊಂಡ ಮೈ ಎಷ್ಟು ವರ್ಷ ದೇವಿಯನ್ನು ತಡೆಯುತ್ತದೆ ಎನ್ನುವುದು ಅವನ ಪ್ರಶ್ನೆ. ಈಗಿನವರು ರೋಗನಿರೋಧಕ ಶಕ್ತಿ ಅನ್ನುತ್ತಾರಲ್ಲ, ಅವನು ಅದಕ್ಕೆ ಕಾವಲು ಅನ್ನುತ್ತಿದ್ದ. ಒಮ್ಮೆ ಟೀಕಾ ಬಿದ್ದರೆ ಕಾವಲು ಸಾಯುವ ತನಕ ಎಂದು ಸಾಹೇಬರೆಲ್ಲ ಅನ್ನುತ್ತಾರೆ, ನನಗೆ ಅನುಮಾನ ಎಂದ. ಅದನ್ನು ನೋಡುವುದಕ್ಕೆ ಒಂದೇ ಊರಲ್ಲಿ, ಒಂದೇ ದಿನ, ಒಂದೇ ಕೈಯಿಂದ ಟೀಕಾ ಹಾಕಿಸಿಕೊಂಡ ಜನ ಬೇಕು. ಅಂಥವರು ಎಲ್ಲಿ ಸಿಗಬೇಕು? ನಮ್ಮ ಓಣಿಯ ಹೆಣ್ಣು ಮಕ್ಕಳು ಸಿಕ್ಕರು.

ಅವನು ಕಲಬುರ್ಗಿಗೆ ಬಂದು ನಿಜಾಮರ ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ಇಳಿದುಕೊಂಡ, ನನ್ನ ಮನೆಯಲ್ಲಲ್ಲ. ನನ್ನ ಒಲೆಯ ಮುಂದೆ ಓದಿ ದೊಡ್ಡವನಾದವನಿಗೆ ಈಗ ಬಟ್ಲರ್ ಚಹಾ ತಂದು ಕೊಡುತ್ತಿದ್ದ. ಮಾರನೆಯ ದಿನ ನನ್ನ ಮನೆಗೆ ಬಂದು, "ಅಕ್ಕಾ, ನಿನ್ನಿಂದ ಒಂದು ಕೆಲಸ ಆಗಬೇಕು" ಅಂದ. ಪರಗಂಡಸಿಗೆ ತೋಳು ತೋರಿಸಲು ನಮ್ಮ ಹೆಂಗಸರು ಒಪ್ಪುವುದಿಲ್ಲ, ಗಂಡಂದಿರಂತೂ ಇಲ್ಲವೇ ಇಲ್ಲ. ನಾನು ಒಳಗೆ ಹೋಗಿ ಮತ್ತೆ ಟೀಕಾ ಹಾಕಬೇಕು, ಒಂದು ವಾರ ಬಿಟ್ಟು ಹೋಗಿ ತೋಳು ನೋಡಿ ಹೇಳಬೇಕು. ಹಳೆಯ ಕಾವಲು ಇದ್ದರೆ ಸಣ್ಣಗೆ ಎದ್ದು ಬೇಗ ಒಣಗುತ್ತದೆ, ಇಲ್ಲದಿದ್ದರೆ ಗುಳ್ಳೆ ಪೂರಾ ಏಳುತ್ತದೆ.

ನನ್ನ ಕೈಗೆ ಸೂಜಿ ಕೊಟ್ಟು, ಔಷಧಿ ಹಚ್ಚಿ ಹೇಗೆ ಗೀರಬೇಕು ಎಂದು ಅವನು ತನ್ನ ತೋಳಿನ ಮೇಲೆಯೇ ಕಲಿಸಿದ. ನಾನು ಅವನಿಗೆ ಒಂದು ಗೀರು ಹೆಚ್ಚೇ ಎಳೆದೆ. ನಗುತ್ತ ತಡೆದುಕೊಂಡ.

ನಾವು ಟಾಂಗಾದಲ್ಲಿ ತಿರುಗಿದೆವು. ಓಣಿಯ ಹುಡುಗಿಯರೆಲ್ಲ ಈಗ ಊರೂರಿಗೆ ಸೊಸೆಯರಾಗಿ ಹೋಗಿದ್ದರು, ಒಬ್ಬಳು ಮಹಾಗಾಂವದಲ್ಲಿ, ಒಬ್ಬಳು ತಾಜಸುಲ್ತಾನಪುರದಲ್ಲಿ, ಕೆಲವರು ಕಮಲಾಪುರದಲ್ಲಿಯೇ. ಅವನು ಕಟ್ಟೆಯ ಮೇಲೆ ಕೂರುತ್ತಿದ್ದ. ನಾನು ಬಾಗಿಲ ಒಳಗೆ ತೋಳು ನೋಡಿ ಕೂಗಿ ಹೇಳುತ್ತಿದ್ದೆ. ಅಳತೆಗೆ ಅವನು ಕೊಟ್ಟ ಗೆರೆ ಹಾಕಿದ ಪಟ್ಟಿ ನಮಗೆ ಹೊಂದಲಿಲ್ಲ, ಹೆಂಗಸರು ಅದನ್ನು ಕಂಡರೆ ತೋಳು ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೆ ನಾನು ಕಾಳಿನ ಲೆಕ್ಕ ಹಿಡಿದೆ. "ಇಕಿದು ಸಾಸಿವಿಯಷ್ಟು. ಇಕಿದು ಜೋಳದಷ್ಟು. ಇಕಿದು ತೊಗರಿಕಾಳಿನಷ್ಟು, ನಡುವ ನೀರು ಕುಂತದ." ಅವನು ಹೊರಗೆ ಮನೆಯವರಿಂದ ಅವೇ ಕಾಳು ಇಸಿದುಕೊಂಡು ಪಟ್ಟಿಯ ಮೇಲಿಟ್ಟು ಅಳೆದುಕೊಳ್ಳುತ್ತಿದ್ದ. ಕೆಲಸ ಚೆನ್ನಾಗಿ ಸಾಗಿತು. ಆ ವಾರಗಳಲ್ಲಿ ನನಗೆ ಊಟ ನಿದ್ದೆ ನೆನಪಾಗಲಿಲ್ಲ, ಇದನ್ನೇ ಮಾಡಿಕೊಂಡಿದ್ದರೆ ನಾನು ಎಷ್ಟು ಒಳ್ಳೆಯ ಹೆಂಗಸಾಗಿರುತ್ತಿದ್ದೆ ಅನ್ನಿಸಿತು.

ಅವನ ಅನುಮಾನ ನಿಜವಾಗಿತ್ತು. ಸುಮಾರು ಜನರ ಕಾವಲು ಸವೆದುಹೋಗಿತ್ತು. ಅವನೇ ಟೀಕಾ ಹಾಕಿದ್ದ ನನ್ನ ತೋಳಿನ ಮೇಲಂತೂ ತೊಗರಿಯನ್ನೂ ದಾಟಿ ಗುಳ್ಳೆ ಎದ್ದು, ಜ್ವರ ಬಂದು ಒಂದು ದಿನ ಮಲಗಿದೆ. ಅವನ ತೋಳಿನ ಮೇಲೆ ನಾನು ಎಳೆದ ಗೀರು ಸಾಸಿವೆಯಷ್ಟೂ ಏಳದೆ ಒಣಗಿತ್ತು. ದೇವಿ ತಾನಾಗಿ ಬಂದು ಹೋದ ಮೈಯಲ್ಲಿ ಕಾವಲು ಗಟ್ಟಿಯಂತೆ. ಅದರಲ್ಲೂ ಅವನೇ ಗೆದ್ದ.

ಕಡೆಯ ದಿನ ಮಹಾಗಾಂವದಿಂದ ಹಿಂದಿರುಗುವಾಗ ಟಾಂಗಾದಲ್ಲಿ ಅವನು ಕೇಳಿದ. "ಅಕ್ಕಾ, ನಿನಗ ನನ್ನ ಮ್ಯಾಲೆ ಸಿಟ್ಟು ಅದ ಏನು?"

"ಸಿಟ್ಟಲ್ಲ. ಹೊಟ್ಟಿಕಿಚ್ಚು" ಅಂದೆ.

"ನನಗೂ ಅದ" ಅಂದ. "ನಿನ್ನ ಮುಖ ನೋಡಿದಾಗೊಮ್ಮೆ ಅನಸ್ತದ, ಆಯಿ ಆವತ್ತು ಕಣಜದಾಗ ನಿನ್ನ ಇಳಿಸಿ ನನ್ನ ಹೊರಗ ನಿಂದರಿಸಬೇಕಾಗಿತ್ತು ಅಂತ. ಸಲೂನಿನ್ಯಾಗ ಕನ್ನಡಿ ಮುಂದ ಕೂತಾಗ ಈಗೂ ಅನಸ್ತದ."

ನನಗೆ ಇದು ಗೊತ್ತೇ ಇರಲಿಲ್ಲ. ನನ್ನಲ್ಲಿ ಇರುವುದನ್ನೂ ಒಬ್ಬರು ಬಯಸುತ್ತಾರೆ ಎಂದು ಆವತ್ತೇ ಮೊದಲು ಕೇಳಿದ್ದು. ಸ್ವಲ್ಪ ಹಿಗ್ಗಿದೆ. ಹಿಗ್ಗಿದ ಭರದಲ್ಲಿ ಕೇಳಿಬಿಟ್ಟೆ.

"ಹಂಗಾದ್ರ ಅದಲಾಬದಲಿ ಮಾಡ್ಕೊಳ್ಳೋಣೇನು? ನನ್ನ ಮುಖ ನೀ ತೊಗೊ. ನಿನ್ನ ಶಾಲಿ, ನಿನ್ನ ಖುರ್ದಬೀನು ನನಗ ಕೊಡು."

ಅವನು ಆಟಕ್ಕೆ ಹೂಂ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ನಿಜವಾಗಿಯೂ ಯೋಚನೆ ಮಾಡಿದ. ಟಾಂಗಾ ಒಂದು ಹೊಲ ದಾಟಿತು.

"ಇಲ್ಲಕ್ಕಾ. ಕೊಡಂಗಿಲ್ಲ" ಅಂದ.

ಎರಡು ಕಣ್ಣು, ಚಂದದ ಮುಖ, ಹೆಂಡತಿ ಮಕ್ಕಳು, ಇಷ್ಟೆಲ್ಲ ಒಂದು ಕಡೆ ಇಟ್ಟು ತೂಗಿ ನೋಡಿ ಬೇಡ ಅಂದಿದ್ದ. ಹಾಗಾದರೆ ನನ್ನ ಕೈಗೆ ಸಿಗದೆ ಹೋದದ್ದು ಎಷ್ಟು ದೊಡ್ಡದಿರಬೇಕು!

ಕೆಲವು ತಿಂಗಳ ಮೇಲೆ ಅವನ ಕೆಲಸ ಇಂಗ್ಲಿಷಿನಲ್ಲಿ ಅಚ್ಚಾಯಿತು. ಅವನು ಮತ್ತೆ ಕಲಬುರ್ಗಿಗೆ ಬಂದಾಗ ಆ ಹಾಳೆಗಳನ್ನು ನನ್ನ ಮುಂದೆ ಹರವಿದ.

"ಇದರಾಗ ನಾ ಎಲ್ಲಿದ್ದೀನಿ?" ಎಂದು ಕೇಳಿದೆ.

ಅವನು ಒಂದು ಸಾಲಿನ ಮೇಲೆ ಬೆರಳಿಟ್ಟ. "'ಸ್ಥಳೀಯ ಹೆಂಗಸೊಬ್ಬಳ ಸಹಾಯದಿಂದ' ಅಂತ ಅದ. ಅದು ನೀನ."

"ನೀ ಎಲ್ಲಿದ್ದಿ?"

ಅವನ ಬೆರಳು ಹಾಳೆಯ ತಳಕ್ಕೆ ಇಳಿಯಿತು. ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದು ಅವನ ಮೇಲಧಿಕಾರಿ ದೊಡ್ಡ ಸಾಹೇಬರ ಹೆಸರು. ಕೆಲಸಕ್ಕೆ ನೆರವಾದವರು ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ಇವನದು. ಅವನ ಒಳ್ಳೆಯ ಕಣ್ಣು ಕೆಂಪಗಾಗಿತ್ತು. ಆಗ ನನಗೆ ಖುಷಿಯಾಗಬೇಕಾಗಿತ್ತು. ಇಷ್ಟು ವರ್ಷ ಕಾದದ್ದೇ ಅದಕ್ಕೆ. ಆದರೆ ಆ ಕಾಳಿನ ಲೆಕ್ಕ ನನ್ನದು, ಆ ಅನುಮಾನ ಅವನದು, ಎರಡೂ ನಮ್ಮ ಓಣಿಯ ಸೊತ್ತು. ಅದನ್ನು ಯಾವನೋ ಕೂತಲ್ಲಿಂದಲೇ ಎತ್ತಿಕೊಂಡಿದ್ದ. ತಮ್ಮನ ಮೇಲಿನ ಹೊಟ್ಟೆಕಿಚ್ಚು ಹಾಗೇ ಇಟ್ಟುಕೊಂಡು ಆ ಸಾಹೇಬನನ್ನೂ ಬಾಯಿತುಂಬ ಬೈದೆ. ತಮ್ಮನಿಗೆ ನಗು ಬಂತು.

ಅದೇ ಸಲ ನನ್ನ ಮಕ್ಕಳಿಗೆ ಟೀಕಾ ಹಾಕುವುದಿತ್ತು. ಮಗಳಿಗೆ ಚಿಕ್ಕಂದಿನಲ್ಲಿ ಒಮ್ಮೆ ಹಾಕಿತ್ತು, ಕಾವಲು ಸವೆಯುತ್ತದೆ ಎಂದು ಗೊತ್ತಾದ ಮೇಲೆ ಅವಳಿಗೂ ಮತ್ತೆ ಬೇಕಿತ್ತು. ಅವನು ಪೆಟ್ಟಿಗೆ ತೆರೆದು ಕೂತ. ನಾನು ಮಗಳ ತೋಳಿನ ಕುಪ್ಪಸ ಸರಿಸಿ ಅವಳನ್ನು ಮುಂದೆ ನಿಲ್ಲಿಸಿದೆ. ಅವನ ಕೈ ನಿಂತಿತು.

"ನೀನೂ ಹೆಣ್ಣನ್ನೇ ಮೊದಲು ಮುಂದ ಮಾಡಿದೆಲ್ಲಕ್ಕಾ. ಆಯಿನೂ ಹಿಂಗ ಮಾಡಿದ್ಲು" ಅಂದ.

ನನಗೆ ಮೈಯೆಲ್ಲ ಉರಿಯಿತು.

"ಆಯಿ ನನ್ನ ಮುಂದ ದೂಡಿದ್ದು ಹೋದರ ಹೋಗ್ಲಿ ಅಂತ. ನಾ ಇಕಿನ್ನ ಮುಂದ ನಿಂದರಿಸಿದ್ದು ಚಲೋದು ಏನರ ಇದ್ದರ ಮೊದಲ ಇಕಿಗೆ ಸಿಗ್ಲಿ ಅಂತ. ಖುರ್ದಬೀನಿನ್ಯಾಗ ಎಲ್ಲಾ ಕಾಣ್ತದ, ಇದು ಕಾಣಂಗಿಲ್ಲೇನು ನಿನಗ?"

ಅವನು ತಲೆ ತಗ್ಗಿಸಿ ಮಗಳ ತೋಳಿಗೆ ಗೀರಿದ. ಅವಳು ಅಳಲಿಲ್ಲ. "ಮಾಮಾ, ಇದು ಒಳಗ ಹೋಗಿ ಏನು ಮಾಡ್ತದ?" ಎಂದು ಕೇಳಿದಳು. ಅವನು ಹೇಳಿದ. ಅವಳು ಮತ್ತೊಂದು ಕೇಳಿದಳು. ನನ್ನ ಮಗ ತನ್ನ ಸರದಿಗೆ ಕಾದು ಕಾದು ಹೊರಗೆ ಆಡಲು ಓಡಿದ.

"ಮುಖಕ್ಕಿಂತ ಶಾಲಿ ದೊಡ್ಡದು ಅಂತ ಟಾಂಗಾದಾಗ ನೀನ ಹೇಳಿದಿ" ಅಂದೆ. "ಹಂಗಿದ್ದರ ಇಕಿನ್ನ ಕರ್ಕೊಂಡು ಹೋಗು. ಹೈದರಾಬಾದಿನ್ಯಾಗ ಹೆಣ್ಣುಮಕ್ಕಳ ಶಾಲಿ ಅದ, ಇರಾಕೂ ಅಲ್ಲೇ ಅನುಕೂಲ ಅದ ಅಂತ ಹೇಳಿದ್ದಿ. ಆ ಹಾಳಿಮ್ಯಾಲ ನನ್ನ ಹೆಸರು ಬ್ಯಾಡ. ಇಕಿದು ಬರಬೇಕು."

ನನ್ನ ಗಂಡ ಕೆಟ್ಟವರಲ್ಲ. ಆದರೆ ಮಗಳನ್ನು ಓದಿಸುವ ಮಾತನ್ನು ನಾನು ಅವರ ಮುಂದೆ ಒಂದು ವರ್ಷದಿಂದ ಆಡುತ್ತಿದ್ದೆ, ಅವರು ಬಟ್ಟೆಯ ಥಾನು ಮಡಚುತ್ತ ನೋಡೋಣ ಅನ್ನುತ್ತಿದ್ದರು. ನನ್ನ ತಮ್ಮ ಅವರ ಅಂಗಡಿಗೆ ಹೋಗಿ ಗಾದಿಯ ಮೇಲೆ ಕೂತು ಒಂದು ಚಹಾ ಕುಡಿಯುವುದರೊಳಗೆ ಅವರು ಒಪ್ಪಿದರು. "ಡಾಕ್ಟರ್ ಸಾಹೇಬ್ರ ಹೇಳಿದ ಮ್ಯಾಲೆ ನಾವೇನು ಅನ್ನೂದು" ಎಂದು ಮನೆಗೆ ಬಂದು ನನಗೇ ಹೇಳಿದರು. ಬೇಕಾದದ್ದು ಸಿಕ್ಕಿತು, ಆದರೆ ಅದೂ ಅವನ ಬಾಯಿಂದ ಸಿಕ್ಕಿತು. ಆ ದಿನ ಅಡಿಗೆಗೆ ಉಪ್ಪು ಹೆಚ್ಚಾಯಿತು.

ಕಲಬುರ್ಗಿ ಸ್ಟೇಷನ್ನಿನಲ್ಲಿ ಅವರಿಬ್ಬರನ್ನೂ ಗಾಡಿ ಹತ್ತಿಸಲು ಹೋದೆವು. ಕಮಲಾಪುರದಿಂದ ಅಪ್ಪ ಮೊಮ್ಮಗಳಿಗೆಂದು ಕೆಂಪು ಬಾಳೆಹಣ್ಣು ಕಳಿಸಿದ್ದರು, ಅದನ್ನು ಬುಟ್ಟಿಯಲ್ಲಿಟ್ಟು ಕೊಟ್ಟಿದ್ದೆ. ಮಗಳು ಅಳುತ್ತಾಳೆ, ನನ್ನ ಸೆರಗು ಹಿಡಿಯುತ್ತಾಳೆ, ನಾನು ಸಮಾಧಾನ ಹೇಳಬೇಕಾಗುತ್ತದೆ ಎಂದೆಲ್ಲ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವಳು ಕಿಟಕಿಯ ಪಕ್ಕದ ಜಾಗ ಹಿಡಿದು ಮಾಮನ ಕೈಚೀಲದಿಂದ ಒಂದು ಪುಸ್ತಕ ಆಗಲೇ ತೆಗೆದಿದ್ದಳು. ತೊಡೆಯ ಮೇಲೆ ಪುಸ್ತಕ, ಒಂದು ಕೈಯಲ್ಲಿ ಸುಲಿದ ಹಣ್ಣು. ತೋಳಿನ ಮೇಲೆ ಟೀಕಾದ ಹೊಸ ಹೊಪ್ಪಳೆ. ಎದುರಿಗೆ ನನ್ನ ತಮ್ಮ ಅವಳಿಗೆ ಏನನ್ನೋ ತೋರಿಸುತ್ತಿದ್ದ.

ಗಾಡಿ ಅಲುಗಿದಾಗ ಅವಳು ನೆನಪಾದವಳಂತೆ ತಲೆ ಎತ್ತಿ, "ಹೋಗಿ ಬರ್ತೀನಿ ಅವ್ವಾ" ಅಂದಳು. ಮತ್ತೆ ಪುಸ್ತಕಕ್ಕೆ ಬಗ್ಗಿದಳು.

"ಅಳಬ್ಯಾಡ. ರಜಾಕ್ಕ ಬರ್ತಾಳಲ್ಲ" ಎಂದರು ನನ್ನ ಗಂಡ. ಮಗಳನ್ನು ಕಳಿಸಿದ ದುಃಖ ಎಂದು ಅವರು ತಿಳಿದುಕೊಂಡಿದ್ದರು. ನಾನು ಹೂಂ ಅಂದೆ. ನನ್ನ ಕಣ್ಣು ಅವಳ ಕೈಯಲ್ಲಿದ್ದ ಹಣ್ಣಿನ ಮೇಲಿತ್ತು. ಕಟ್ಟೆಯ ಮೇಲೆ ನಿಂತು ಅತ್ತ ದಿನದ ಹಾಗೆಯೇ ನನ್ನ ಹೊಟ್ಟೆ ಉರಿಯುತ್ತಿತ್ತು, ಈ ಸಲ ನಾನೇ ಹೆತ್ತು, ಹಠ ಹಿಡಿದು ಕಳಿಸುತ್ತಿದ್ದ ಮಗಳ ಮೇಲೆ.